ಒಳಗೇನೂ ಇಲ್ಲದ ಸರಕು

೧೯೭೬ರಲ್ಲಿ ನಾನು ಬೆಂಗಳೂರಿನ ಒಂದು ಕಾರ್ಖಾನೆಯ ನಿರ್ವಾತ ವಿಭಾಗದಲ್ಲಿ ಕಿರಿಯ ಎಂಜಿನಿಯರ್ ಆಗಿದ್ದೆ. ಪಾತ್ರೆಯೊಳಗಿನ ಗಾಳಿಯನ್ನು ಪಂಪಿನಿಂದ ಎಳೆದು ತೆಗೆಯುವುದು, ಅದು ಮತ್ತೆ ಒಳಗೆ ನುಗ್ಗದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಹಲವು ದೇಶಗಳು ಸೇರಿ ಯುರೋಪಿನಲ್ಲಿ ಕಟ್ಟುತ್ತಿದ್ದ ಒಂದು ಫ್ಯೂಷನ್ ಯಂತ್ರದ ಭಾಗವೊಂದು ಆಗ ನಮ್ಮ ಪಾಲಿಗೆ ಬಂದಿತ್ತು. ಸೂರ್ಯನಲ್ಲಿ ನಡೆಯುವಂತೆ ಜಲಜನಕದ ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ಪಡೆಯುವ ಪ್ರಯತ್ನವದು. ಆ ಕಾವಿನ ಅನಿಲವನ್ನು ಬಳೆಯಾಕಾರದ ಉಕ್ಕಿನ ಚೇಂಬರಿನಲ್ಲಿ ಹಿಡಿದಿಡಬೇಕು. ಬಳೆಯ ಒಂದು ತುಂಡನ್ನು ಮಾಡಿಕೊಡುವುದು ನಮ್ಮ ಹೊಣೆ.

ಮೊದಲು ಮಾಡಿದ ತುಂಡು ಬೆಸುಗೆಯಲ್ಲಿ ಸೋರಿ ತಿರಸ್ಕೃತವಾಗಿತ್ತು. ಎರಡನೆಯ ತುಂಡೂ ಹಾಗಾದರೆ ಕೆಲಸ ಬೇರೆ ದೇಶಕ್ಕೆ ಹೋಗುತ್ತದೆ ಎಂದು ಯುರೋಪಿನವರು ನೇರವಾಗಿಯೇ ತಿಳಿಸಿದ್ದರು. ಎರಡನೆಯದರ ಎರಡೂ ತುದಿಗೆ ಮುಚ್ಚಳ ಬಿಗಿದು, ವಾರಗಟ್ಟಲೆ ಕಾಯಿಸಿ, ಒಳಗಿನ ತೇವದ ಪಸೆಯೂ ಉಳಿಯದಂತೆ ಗಾಳಿ ತೆಗೆದು, ವಾಲ್ವ್ ಮುಚ್ಚಿದೆವು. ಒಮ್ಮೆ ಹೊರಗಿನ ಗಾಳಿ ಹೊಕ್ಕರೆ ಅಷ್ಟೂ ಶ್ರಮ ನೀರುಪಾಲು, ಹಡಗೂ ತಪ್ಪಿದಂತೆ. ಲಾರಿಯಲ್ಲಿ ಪುಣೆ ರಸ್ತೆ ಹಿಡಿದು ಅದನ್ನು ಬೊಂಬಾಯಿ ಬಂದರಿಗೆ ಮುಟ್ಟಿಸಲು ನನ್ನನ್ನು ಕಳಿಸಿದರು.

ತುರ್ತು ಪರಿಸ್ಥಿತಿಯ ಕಾಲ. ಕಳ್ಳಸಾಗಣೆಯ ಮೇಲೆ ಎಲ್ಲ ಕಡೆ ಬಿಗಿ ತಪಾಸಣೆ. ಹಿರಿಯೂರು ದಾಟಿ ಐಮಂಗಲದ ಬಳಿ ಸಬ್ ಇನ್‌ಸ್ಪೆಕ್ಟರ್ ಒಬ್ಬರು ಕೈ ಅಡ್ಡ ಹಾಕಿದರು. ಮಧ್ಯಾಹ್ನದ ಬಿಸಿಲು ಎಂದು ನನ್ನ ನೆನಪು. ಡೈರಿಯಲ್ಲಿ ಮೋಡವಿತ್ತು ಎಂದು ಬರೆದುಕೊಂಡಿದ್ದೇನೆ.

"ಒಳಗೇನೈತೆ?"

"ಏನೂ ಇಲ್ಲ ಸರ್."

"ಏನೂ ಇಲ್ದಿದ್ದಕ್ಕೆ ಇಷ್ಟು ಹಗ್ಗ, ಇಷ್ಟು ಬೋಲ್ಟು? ಯಾವೂರ್ರೀ ನಿಮ್ದು?"

"ಇಲ್ಲೇ, ಹೊಸದುರ್ಗದ ಮತ್ತೋಡು."

"ನಮ್ಮೋರೇ ಆತು. ನಮ್ಮೋರ್ನ ಇನ್ನೊಂದು ಕೈ ಜಾಸ್ತೀನೇ ನೋಡ್ಬೇಕು ನೋಡ್ರಿ."

ಕಾಗದಪತ್ರ ಕೊಟ್ಟೆ. ಅವೆಲ್ಲ ಇಂಗ್ಲಿಷಿನಲ್ಲಿದ್ದವು, ಅವರು ಓದಿದರು ಕೂಡ. ಆದರೆ ಓದಿದಷ್ಟೂ ಅನುಮಾನ ಹೆಚ್ಚಿತು. ಒಳಗಿರುವುದು ನಿರ್ವಾತ, ಅದು ಕೆಡಬಾರದು ಎಂದೆ. "ಏನೂ ಇಲ್ದಿರೋದು ಕೆಡೋದು ಹೆಂಗ್ರೀ?" ಎಂದರು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಕೇಳುತ್ತಿದ್ದೆ. ಕುರಿಗಳನ್ನು ರಸ್ತೆ ದಾಟಿಸಲು ಕಾದಿದ್ದ ಹಿರಿಯರೊಬ್ಬರು, "ಖಾಲಿ ಡಬ್ಬಿ ಹೊತ್ಕಂಡು ಹೊಂಟವ್ರೆ, ಬಿಡ್ರಿ ಸಾಮಿ, ನಮ್ ಕುರಿ ಆದ್ರೂ ದಾಟ್ಲಿ" ಎಂದರು. ಯಾರೂ ನಗಲಿಲ್ಲ.

ಸಬ್ ಇನ್‌ಸ್ಪೆಕ್ಟರ್ ಸನ್ನೆ ಮಾಡಿದ್ದೇ ತಡ, ಕಾನ್‌ಸ್ಟೇಬಲ್ ಸ್ಪ್ಯಾನರ್ ಹಿಡಿದು ಲಾರಿ ಹತ್ತಿದ. ಅವನ ಕೈ ಮುಚ್ಚಳದ ಬೋಲ್ಟಿಗೆ ಹೋಯಿತು. ನಾನು ಅಡ್ಡ ನಿಂತು ಎರಡೂ ಅಂಗೈಗಳಿಂದ ಬೋಲ್ಟನ್ನು ಮುಚ್ಚಿದೆ.

"ಕೈ ತೆಗೀರಿ. ಇಲ್ಲಾಂದ್ರೆ ಲಾರಿ ಸಮೇತ ಸ್ಟೇಷನ್ನಿಗೆ ಹೋಗಾಣ."

ಆಗ ಹೊಳೆದದ್ದು ಪಂಪಿನ ಕೊಳವೆ. ಗಾಳಿ ಎಳೆದದ್ದು ಮೊಳದುದ್ದದ ಆ ಕೊಳವೆಯ ಮೂಲಕ. ಚೇಂಬರಿಗೂ ಕೊಳವೆಗೂ ನಡುವೆ ವಾಲ್ವ್. ಕೊಳವೆಯ ಹೊರತುದಿಗೆ ಬಿರಡೆ, ಬಿರಡೆಯಲ್ಲಿ ಒಂದು ಸಣ್ಣ ತಿರುಪು. ಕೊಳವೆಯೊಳಗೂ ನಿರ್ವಾತವೇ. ತಿರುಪು ಸಡಿಲಿಸಿದರೆ ಕೊಳವೆಯಷ್ಟೇ ತುಂಬುತ್ತದೆ, ವಾಲ್ವ್ ಗಟ್ಟಿಯಿದ್ದರೆ. ಇಲ್ಲವಾದರೆ ಚೇಂಬರ್ ಪೂರ್ತಿ ಹೋಗುತ್ತದೆ. ಫೋನ್ ಮಾಡಿ ಕೇಳೋಣವೆಂದರೆ ಟ್ರಂಕ್ ಕರೆ ಸಿಗುವ ಹೊತ್ತಿಗೆ ಬೋಲ್ಟು ಬಿಚ್ಚಿಯಾಗಿರುತ್ತಿತ್ತು.

"ಸರ್, ನಾನೇ ತೆಗೀತೀನಿ. ಒಳಗೆ ಏನಾದ್ರೂ ತುಂಬಿದ್ರೆ ಅದು ಹೊರಗೆ ಬರಬೇಕು. ಖಾಲಿ ಇದ್ರೆ ಗಾಳಿ ಒಳಗೆ ಹೋಗಬೇಕು."

"ಹೊರಗೆ ಬಂತೋ ಒಳಗೆ ಹೋತೋ ನಂಗೆ ಹೆಂಗ್ರೀ ಗೊತ್ತಾಗ್ಬೇಕು?" ಎಂದವರು ತಿರುಗಿ, ನಮ್ಮ ಡ್ರೈವರ್ ತಿಮ್ಮಣ್ಣನತ್ತ ಕೈ ಚಾಚಿದರು. "ಲೇ, ಆ ಬೀಡಿ ಇತ್ಲಾಗ್ ಕೊಡು."

ತಿರುಪನ್ನು ಕೂದಲೆಳೆಯಷ್ಟು ಸಡಿಲಿಸಿದೆ. ಸುಯ್ ಎಂಬ ತೆಳು ಸದ್ದು. ಸಬ್ ಇನ್‌ಸ್ಪೆಕ್ಟರ್ ಬೀಡಿಯನ್ನು ಹತ್ತಿರ ಹಿಡಿದರು. ನೆಟ್ಟಗೆ ಏಳುತ್ತಿದ್ದ ಹೊಗೆ ಸೊಂಟ ಮುರಿದಂತೆ ಬಾಗಿ, ನೂಲಿನಂತೆ ತಿರುಪಿನ ಸಂದಿಗೆ ಇಳಿಯಿತು.

"ಎಳ್ಕಂತೈತಲ್ರೀ!" ಎಂದರು, ಮಗುವಿನ ದನಿಯಲ್ಲಿ. "ಲೇ ಡ್ರೈವರ್, ನಿನ್ ಬೀಡೀನ ನಿನಗಿಂತ ಜೋರಾಗಿ ಸೇದ್ತೈತೆ."

ಎಲ್ಲರೂ ಹೊಗೆ ನೋಡುತ್ತಿದ್ದರು. ನಾನು ಚೇಂಬರಿಗೆ ಕೂರಿಸಿದ್ದ ಒತ್ತಡದ ಮಾಪಕ ನೋಡುತ್ತಿದ್ದೆ. ಸದ್ದು ಕ್ಷೀಣಿಸಿ ನಿಂತಿತು. ಮುಳ್ಳು ಅಲುಗಲಿಲ್ಲ. ಅಲುಗಿತೆಂದು ಒಂದು ಗಳಿಗೆ ಅನ್ನಿಸಿತ್ತು, ನಡುಗಿದ್ದು ನನ್ನ ಕಣ್ಣೇ ಇರಬಹುದು. "ಹೋಗ್ರಿ, ಹೋಗ್ರಿ. ಆ ಕುರೀನೂ ಬಿಡ್ರೋ," ಎಂದರು ಸಬ್ ಇನ್‌ಸ್ಪೆಕ್ಟರ್.

ನನ್ನ ಆತಂಕ ಅಲ್ಲಿಗೆ ಮುಗಿಯಲಿಲ್ಲ. ಆ ಮಾಪಕ ದೊಡ್ಡ ಸೋರಿಕೆಯನ್ನಷ್ಟೇ ತೋರಿಸಬಲ್ಲದು. ಕಣ್ಣಿಗೆ ಕಾಣದ ಸೋರಿಕೆ ಇದ್ದರೆ ಅದು ತಿಳಿಯುವುದು ಬಂದರಿನಲ್ಲಿ. ಚಿತ್ರದುರ್ಗದಲ್ಲಿ ಊಟದ ನಡುವೆ ಎದ್ದು ಹೋಗಿ ಮಾಪಕವನ್ನು ಮತ್ತೊಮ್ಮೆ ನೋಡಿ ಬಂದೆ. ಬೊಂಬಾಯಿಯಲ್ಲಿ ವಿದೇಶಿ ತಪಾಸಕ ತನ್ನ ಸೂಕ್ಷ್ಮ ಉಪಕರಣ ಜೋಡಿಸಿ, ಬಹಳ ಹೊತ್ತು ಅದನ್ನೇ ನೋಡುತ್ತಿದ್ದು, ಕೊನೆಗೆ ತಲೆಯಾಡಿಸಿದ. ವಾಲ್ವ್ ಹಿಡಿದಿತ್ತು. ನಮ್ಮ ತುಂಡು ಹಡಗು ಹತ್ತಿತು.

ಅಲ್ಲಿಂದ ಮುಂದೆ ನಾನು ಮುಚ್ಚಿ ಕಳಿಸಿದ ಪ್ರತಿಯೊಂದು ಪಾತ್ರೆಯಲ್ಲೂ, ನಂಬದವನು ಪಾತ್ರೆ ಕೆಡಿಸದೆ ಪರೀಕ್ಷಿಸಲು ಒಂದು ಜಾಗ ಬಿಟ್ಟೆ. ನಮ್ಮ ಮಾತು ನಿಜವಾಗಿದ್ದರೆ ಸಾಲದು, ಎದುರಿಗಿರುವವನು ಅದನ್ನು ತಾನೇ ನೋಡುವಂತಿರಬೇಕು.

ಈ ಬರಹಕ್ಕೂ ಅಂಥದೊಂದು ತಿರುಪು ಬೇಕು. ಎಷ್ಟೋ ವರ್ಷಗಳ ಮೇಲೆ ತಿಮ್ಮಣ್ಣ ಸಿಕ್ಕಾಗ, ನಾನು ಅಂಗೈಯಿಂದ ಬೋಲ್ಟು ಮುಚ್ಚಿದ ಕಥೆಯನ್ನು ಹೇಳಿದೆ. ಅವನು ಬಿದ್ದು ಬಿದ್ದು ನಕ್ಕ.

"ಅಂಗೈ ಎಲ್ಲಿಂದ ಬಂತು ಸಾರ್? ನೀವು ಮುಚ್ಚಳದ ಮ್ಯಾಲೆ ಹತ್ತಿ ಕುಂತ್ಕಂಡಿದ್ರಿ!"