ಟೈಪಕ್ಕನ ಎರಡು ತಪ್ಪುಗಳು

ನೀರು ಸರಬರಾಜು ಕಚೇರಿಯಲ್ಲಿ ಇಪ್ಪತ್ತಾರು ವರ್ಷ ಟೈಪು ಮಾಡಿದ ಆ ಹೆಂಗಸಿಗೆ ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಉಳಿದ ಕಡೆಯೆಲ್ಲ ಆಕೆ ಟೈಪಕ್ಕ. ಇಂಜಿನಿಯರ್ ಸಾಹೇಬರಿಂದ ಹಿಡಿದು ಪೈಪಿಗೆ ಗುಂಡಿ ತೋಡುವವರವರೆಗೆ ಎಲ್ಲರೂ ಹಾಗೇ ಕರೆಯುತ್ತಿದ್ದರು. ಮನೆಯಲ್ಲಿ ಅತ್ತೆ ಕೂಡ, ಸಿಟ್ಟು ಬಂದಾಗ.

ಆಕೆಯ ಕಾಗದದಲ್ಲಿ ತಪ್ಪು ಎನ್ನುವುದು ಇರುತ್ತಿರಲಿಲ್ಲ. ಸಾಹೇಬರು ಹೇಳುತ್ತ ಹೋದಂತೆ ಮಾತು ಕಿವಿಯಿಂದ ಹೊಕ್ಕು, ತಲೆಗೆ ಯಾವ ತೊಂದರೆಯನ್ನೂ ಕೊಡದೆ, ನೇರವಾಗಿ ಬೆರಳಿಗೆ ಇಳಿಯುತ್ತಿತ್ತು. ಬೇರೆಯವರ ತಪ್ಪು ಕಂಡರೂ ಸಹಿಸುತ್ತಿರಲಿಲ್ಲ. ಬೀದಿ ಕೊನೆಯ ಹಾಲಿನಂಗಡಿಯವನು ಒಮ್ಮೆ ‘ಇಲ್ಲಿ ಶುದ್ಧ ಹಲ್ಲು ಸಿಗುತ್ತದೆ’ ಎಂದು ಬೋರ್ಡು ಬರೆಸಿದಾಗ ಆಕೆ ಸ್ಟೂಲು ತರಿಸಿ ಹತ್ತಿ, ತಾನೇ ತಿದ್ದಿ ಇಳಿದಿದ್ದಳು. ಹಲ್ಲು ಕಟ್ಟಿಸಿಕೊಳ್ಳಲು ಬಂದು ನಿಂತಿದ್ದ ಮುದುಕರೊಬ್ಬರು ಬೇಜಾರು ಮಾಡಿಕೊಂಡು ವಾಪಸು ಹೋದರಂತೆ.

ಒಂದು ಮಂಗಳವಾರ ರಸ್ತೆ ಅಗೆಯುವ ಯಂತ್ರವೊಂದು ಊರಿನ ದೊಡ್ಡ ಕುಡಿಯುವ ನೀರಿನ ಪೈಪಿಗೆ ಬಾಯಿ ಹಾಕಿತು. ಪೈಪು ಒಡೆದು, ಸುತ್ತಲಿನ ಕೆಸರು ಒಳಗೆ ಸೇರಿ, ನಲ್ಲಿಗಳಲ್ಲಿ ಚಹಾ ಬಣ್ಣದ ನೀರು ಬರತೊಡಗಿತು. ಪೈಪನ್ನೇನೋ ಅರ್ಧ ದಿನದಲ್ಲಿ ಸರಿಮಾಡಬಹುದಿತ್ತು. ಆದರೆ ನೀರು ಕುಡಿಯಲು ಯೋಗ್ಯ ಎಂದು ಪ್ರಯೋಗಾಲಯದವರು ಹೇಳುವವರೆಗೆ ಜನ ಕುದಿಸಿ ಕುಡಿಯಬೇಕಿತ್ತು. ಸಾಹೇಬರು ಕೋಣೆಯಲ್ಲಿ ಅತ್ತಿಂದಿತ್ತ ಓಡಾಡುತ್ತ ನೋಟಿಸು ಹೇಳತೊಡಗಿದರು.

ಕಚೇರಿಯ ಮೇಲಿನ ಮಹಡಿಯಲ್ಲಿ ಒಂದು ನೃತ್ಯ ಶಾಲೆ ಇತ್ತು. ಬೆಳಿಗ್ಗೆ ಹನ್ನೊಂದಾಯಿತೆಂದರೆ ತಾರಸಿ ದಡಬಡ ಎನ್ನುತ್ತಿತ್ತು, ಫ್ಯಾನಿನಿಂದ ಧೂಳು ಉದುರುತ್ತಿತ್ತು. ಅಂದೂ ಹನ್ನೊಂದಾಗಿತ್ತು. “ಸಾರ್ವಜನಿಕರು ನಲ್ಲಿ ನೀರನ್ನು ಕುದಿ ಬಂದ ಮೇಲೂ ಒಂದು ನಿಮಿಷ ಚೆನ್ನಾಗಿ ಕುದಿಸಿ” ಎಂದ ಸಾಹೇಬರು ಕನ್ನಡಕ ಒರೆಸಿಕೊಳ್ಳುತ್ತ ಕೊನೆಯ ಪದವನ್ನು ಬಾಯೊಳಗೇ ಗೊಣಗಿದರು. ಅದೇ ಹೊತ್ತಿಗೆ ಮೇಲಿನಿಂದ ನೃತ್ಯದ ಮೇಡಮ್ಮನ ಗಂಟಲು ಕೇಳಿಸಿತು: “ನಿಲ್ಲಬೇಡಿ, ಕುಣೀರಿ.” ಟೈಪಕ್ಕನ ಬೆರಳು ಅದನ್ನು ಅಚ್ಚುಕಟ್ಟಾಗಿ ಗ್ರಾಂಥಿಕಕ್ಕೆ ತಿರುಗಿಸಿ ‘ಕುಣಿಯಿರಿ’ ಎಂದು ಹೊಡೆಯಿತು.

ಇನ್ನೂ ನಾಲ್ಕು ಸಾಲು ಇದ್ದವು. ಹಲ್ಲುಜ್ಜಲು, ತರಕಾರಿ ತೊಳೆಯಲು, ಐಸು ಮಾಡಲು ಕೂಡ ಕುದಿಸಿದ ನೀರೇ ಬೇಕು. ಕುದಿಸಿದ್ದನ್ನು ಮುಚ್ಚಿಟ್ಟು ತಾನಾಗಿ ಆರಲು ಬಿಡಬೇಕು. ಅಷ್ಟೆಲ್ಲ ಹೇಳಿದರೆ ಜನಕ್ಕೆ ಗೊಂದಲವಾಗುತ್ತದೆಂದು ಸಾಹೇಬರು ಅವನ್ನು ಹೊಡೆದುಹಾಕಿದರು. ಇಪ್ಪತ್ತಾರು ವರ್ಷದ ನಂಬಿಕೆಯ ಮೇಲೆ, ಉಳಿದದ್ದನ್ನು ಓದದೆ ರುಜು ಹಾಕಿದರು. ಸಂಜೆಯೊಳಗೆ ಐದು ಸಾವಿರ ಪ್ರತಿಗಳು ಊರಿನ ಬಾಗಿಲು, ಕಂಬ, ಗೋಡೆಗಳಿಗೆ ಅಂಟಿಕೊಂಡವು.

ಮರುದಿನ ಕಚೇರಿಯ ಫೋನಿಗೆ ಉಸಿರಾಡಲು ಪುರುಸೊತ್ತಿರಲಿಲ್ಲ. ಮನೆಮಂದಿಯೆಲ್ಲ ಕುಣಿಯಬೇಕೋ, ಕುಡಿಯುವವರು ಮಾತ್ರ ಕುಣಿದರೆ ಸಾಕೋ ಎಂದು ಮೊದಲ ಹೆಂಗಸು ಕೇಳಿದಳು. ಎರಡನೆಯವಳ ಗಂಡನಿಗೆ ಮಂಡಿನೋವು; ಕೂತಲ್ಲೇ ಕೈ ಆಡಿಸಿದರೆ ನಡೆಯುತ್ತದೆಯೇ ಎಂದಳು. ಮೂರನೆಯವರು ನಿವೃತ್ತ ಗುಮಾಸ್ತರು. ಕುಣಿತ ಕುದಿಯುವಾಗಲೋ ಕುದಿದ ಮೇಲೋ ಎಂಬುದನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರಿದರು.

ಸಾಹೇಬರು ನೋಟಿಸು ಓದಿ ಕುರ್ಚಿಯಲ್ಲಿ ಕುಸಿದರು. ಟೈಪಕ್ಕನಿಗೆ ಭೂಮಿ ಬಾಯಿ ಬಿಟ್ಟರೆ ಸಾಕಪ್ಪ ಎನಿಸಿತು. ಕಣ್ಣೊರೆಸಿಕೊಳ್ಳುತ್ತಲೇ ರಾಜೀನಾಮೆ ಟೈಪು ಮಾಡಿ ಮುಂದಿಟ್ಟಳು. ಸಾಹೇಬರು ಅದನ್ನು ಮಡಚಿ ಡ್ರಾಯರಿಗೆ ಹಾಕಿ, ಮೊದಲು ಮನೆಗೆ ಹೋಗಿ ಒಂದಿಷ್ಟು ಊಟ ಮಾಡಿ ಬನ್ನಿ ಎಂದರು.

ಮನೆಯ ಅಡುಗೆಮನೆಯಲ್ಲಿ ಒಲೆಯ ಮೇಲೆ ಪಾತ್ರೆ ಕೊತಕೊತ ಕುದಿಯುತ್ತಿತ್ತು. ಎಪ್ಪತ್ತಾರರ ಅತ್ತೆ ಕಟ್ಟೆ ಹಿಡಿದುಕೊಂಡು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಳುಕುತ್ತಿದ್ದರು. ಗಡಿಯಾರ ರಿಪೇರಿ ಮಾಡುವ ಗಂಡ ಪಕ್ಕದಲ್ಲಿ ನಿಂತು, ಅಂಗೈಯಲ್ಲಿ ಗಡಿಯಾರ ಹಿಡಿದು ಎಣಿಸುತ್ತಿದ್ದ. “ಐವತ್ತೆಂಟು, ಐವತ್ತೊಂಬತ್ತು, ಸಾಕಮ್ಮ.”

“ಅತ್ತೆ, ಅದು ತಪ್ಪು. ನಾನೇ ತಪ್ಪು ಹೊಡೆದಿದ್ದು” ಎಂದಳು ಟೈಪಕ್ಕ.

“ಆಫೀಸಿನೋರು ಸುಮ್ಸುಮ್ನೆ ಬರೀತಾರೇನೇ?” ಎಂದರು ಅತ್ತೆ ಏದುಸಿರು ಬಿಡುತ್ತ. “ನಿನ್ನೆ ನೀನು ಬರೋ ಮುಂಚೆ ಒಂದ್ಸಲ ಕುಣಿದೆ, ಆಗಿನಿಂದ ನನ್ನ ಸೊಂಟ ಎಷ್ಟು ಹಗುರ ಆಗಿದೆ ಗೊತ್ತಾ?”

ಅಷ್ಟರಲ್ಲಿ ಗಂಡ ಒಲೆ ಆರಿಸಿ, ನಲ್ಲಿಯಿಂದ ಅರ್ಧ ಚೊಂಬು ನೀರು ಹಿಡಿದು, ಕುದಿದ ಪಾತ್ರೆಗೆ ಸುರಿದ. ಟೈಪಕ್ಕ ಅವನ ಕೈ ಹಿಡಿದಳು.

“ರೀ, ಏನ್ ಮಾಡ್ತಿದೀರಿ?”

“ಸುಡ್ತಾ ಇದೆಯಲ್ಲ, ಹೇಗೆ ಕುಡಿಯೋದು?”

“ಹಾಕಿದ್ದು ಯಾವ ನೀರು?”

ಅವನು ಚೊಂಬು ನೋಡಿದ, ನಲ್ಲಿ ನೋಡಿದ, ಪಾತ್ರೆ ನೋಡಿದ. “ಹೌದಲ್ವಾ” ಎಂದ. ಬೆಳಗಿನಿಂದ ಅವನಿಗೆ ಹೊಟ್ಟೆ ಕೆಟ್ಟಿತ್ತು. ಪಾಯಿಖಾನೆಗೆ ಆರು ಸಲ, ಸಲಕ್ಕೆ ಸರಾಸರಿ ನಾಲ್ಕು ನಿಮಿಷ ಎಂದು ಲೆಕ್ಕ ಒಪ್ಪಿಸಿದ. ಅತ್ತೆಗೆ ಮಾತ್ರ ಏನೂ ಆಗಿರಲಿಲ್ಲ. ಅವರದು ಒಲೆಯಿಂದ ಇಳಿಸಿದ ಗಳಿಗೆಯಲ್ಲೇ ಬಿಸಿಬಿಸಿ ಕುಡಿಯುವ ಗಂಟಲು.

ಟೈಪಕ್ಕ ಊಟ ಬಿಟ್ಟು ಬೀದಿಯ ಮನೆಗಳನ್ನೆಲ್ಲ ಹೊಕ್ಕು ನೋಡಿದಳು. ಎಲ್ಲರೂ ಕುಣಿದಿದ್ದರು, ಹಾಗಾಗಿ ನೀರು ಎಲ್ಲ ಮನೆಯಲ್ಲೂ ಪೂರ್ತಿ ಒಂದು ನಿಮಿಷ ಕುದಿದಿತ್ತು. ಆಮೇಲೆ ಎಲ್ಲರೂ ನಲ್ಲಿ ನೀರು ಬೆರೆಸಿ ತಣಿಸಿದ್ದರು. ಪಕ್ಕದ ಮನೆಯ ದರ್ಜಿ ಹೆಂಗಸಂತೂ ಕುದಿಸಿದ ನೀರನ್ನು ಹಳೇ ನೀರಿದ್ದ ಬಿಂದಿಗೆಗೇ ಸುರಿದು, ಮೇಲೆ ಚೆಂದದೊಂದು ಬಟ್ಟೆ ಕಟ್ಟಿ ಇಟ್ಟಿದ್ದಳು.

ಆಕೆ ಕಚೇರಿಗೆ ಮರಳಿ, ಹೊಡೆದುಹಾಕಿದ ನಾಲ್ಕೂ ಸಾಲು ಬೇಕೇ ಬೇಕೆಂದು ಸಾಹೇಬರ ಮುಂದೆ ಹಟ ಹಿಡಿದಳು. ಗಂಡನ ಹೊಟ್ಟೆಯ ಲೆಕ್ಕವನ್ನೂ ಒಪ್ಪಿಸಿದಳು. ಸಾಹೇಬರು ಒಪ್ಪಿದರು. ತಿದ್ದಿದ ನೋಟಿಸು ಒಂದಕ್ಷರವೂ ತಪ್ಪಿಲ್ಲದೆ ಹೊರಟಿತು.

ಅದನ್ನು ಯಾರೂ ಓದಲಿಲ್ಲ. ಮರುದಿನ ಬೆಳಿಗ್ಗೆ ಆಕೆ ಬಸ್ ನಿಲ್ದಾಣದಲ್ಲಿ ಒಂದು ಗಂಟೆ ನಿಂತು ನೋಡಿದಳು. ಜನ ಹಳೆಯ ನೋಟಿಸಿನ ಮುಂದೆ ಗುಂಪುಗೂಡಿ ನಗುತ್ತಿದ್ದರು, ಹೊಸದಕ್ಕೆ ಬೆನ್ನು ಒರಗಿಸಿದ್ದರು. ಹಾಲಿನಂಗಡಿಯವನು ಹೊಸದನ್ನು ತಲೆಕೆಳಗಾಗಿ ಅಂಟಿಸಿದ್ದ. ಅದರಲ್ಲಿ ಏನಿದೆಯಪ್ಪ ಎಂದು ಕೇಳಿದರೆ, ಏನೋ ನೀರಿನ ವಿಷಯ ಎಂದ.

ಆಗ ಆಕೆಗೆ ಒಂದು ಯೋಚನೆ ಬಂತು. ಬಂದದ್ದಕ್ಕೆ ನಾಚಿಕೆಯೂ ಆಯಿತು. ಆದರೂ ಕಚೇರಿಗೆ ಹೋಗಿ ಕೂತು, ಇನ್ನೊಂದು ನೋಟಿಸು ಟೈಪು ಮಾಡಿದಳು. ‘ಕುದಿಸಿದ ನೀರನ್ನು ಮುಚ್ಚಿಟ್ಟು, ತಾನಾಗಿ ಹಾರಲು ಬಿಡಿ. ಬೇಗ ಹಾರಲೆಂದು ನಲ್ಲಿ ನೀರು ಬೆರೆಸಬೇಡಿ.’ ಇಡೀ ಪುಟಕ್ಕೆ ಹಿಡಿದ ಹೊತ್ತಿಗಿಂತ ಆ ‘ಹ’ ಒತ್ತಲು ಹೆಚ್ಚು ಹೊತ್ತು ಹಿಡಿಯಿತು. ಬೆರಳು ಎರಡು ಸಲ ತಾನಾಗಿ ‘ಆ’ ಕಡೆಗೆ ಓಡಿತ್ತು.

ಸಾಹೇಬರು ಈ ಸಲ ಅಕ್ಷರ ಅಕ್ಷರ ಓದಿದರು. ಓದುತ್ತ ಒಂದು ಪದದ ಹತ್ತಿರ ತಡೆದರು.

“ಟೈಪಕ್ಕ, ಇದು ತಪ್ಪಲ್ವಾ?”

“ತಪ್ಪೇ ಸರ್.”

“ಗೊತ್ತಿದ್ದೇ ಮಾಡಿದ್ರಾ?”

“ಹೂಂ ಸರ್.”

ಸಾಹೇಬರು ಬಹಳ ಹೊತ್ತು ಕನ್ನಡಕ ಒರೆಸಿದರು. ಆಮೇಲೆ ಮೀಸೆಯಡಿ ನಗು ಅದುಮಿಕೊಂಡು ರುಜು ಹಾಕಿದರು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಊರಿಗೆ ಊರೇ ಪೆನ್ನು ಹಿಡಿದಿತ್ತು. ಒಂದು ನೋಟಿಸೂ ತಿದ್ದಿಸಿಕೊಳ್ಳದೆ ಉಳಿಯಲಿಲ್ಲ. ಒಬ್ಬ ನಿವೃತ್ತ ಮೇಷ್ಟ್ರು ಗೋಡೆಯಿಂದ ನೋಟಿಸನ್ನು ಕಿತ್ತುಕೊಂಡೇ ಬಂದು, ಅಕಾರ ಹಕಾರದ ಬಗ್ಗೆ ಕಾಲು ಗಂಟೆ ಪಾಠ ಹೇಳಿದರು. ಟೈಪಕ್ಕ ತಲೆ ತಗ್ಗಿಸಿ ಕೇಳಿದಳು. ಜೀವಮಾನದಲ್ಲಿ ಮೊದಲ ಬಾರಿಗೆ ಬೈಸಿಕೊಳ್ಳುವುದು ಹಿತವಾಗಿತ್ತು.

“ಹಾಗಾದ್ರೆ ಸರಿಯಾಗಿ ಹೇಳಿ ಸರ್, ನೀರನ್ನ ಏನ್ ಮಾಡಬೇಕು?”

“ಒಂದು ನಿಮಿಷ ಕುದಿಸಬೇಕು, ಮುಚ್ಚಿಡಬೇಕು, ತಾನಾಗಿ ಆರೋಕೆ ಬಿಡಬೇಕು, ಹಸಿ ನೀರು ಸೇರಿಸಬಾರದು. ಹಾರೋದಕ್ಕೆ ಅದೇನು ಕಾಗೆಯೇನ್ರೀ?” ಎಂದರು ಮೇಷ್ಟ್ರು, ಕಾಗದದ ಕಡೆ ನೋಡದೆ.

ಆ ವಾರ ಟೈಪಕ್ಕನ ಗಂಡನ ಹೊಟ್ಟೆ ಸರಿಹೋಯಿತು. ದರ್ಜಿ ಹೆಂಗಸು ಬಿಂದಿಗೆ ತಿಕ್ಕಿ ತೊಳೆದಳು. ಆರನೆಯ ದಿನ, ಎರಡನೇ ಸಲದ ಪರೀಕ್ಷೆಯಲ್ಲೂ ನೀರು ಚೊಕ್ಕವಾಗಿದೆ ಎಂದು ಪ್ರಯೋಗಾಲಯದಿಂದ ಕಾಗದ ಬಂತು. ರಾಜೀನಾಮೆಯನ್ನು ಸಾಹೇಬರು ಡ್ರಾಯರಿನಿಂದ ತೆಗೆದು ಕೈಗೇ ಕೊಟ್ಟರು. ಓದಿ ನೋಡಿದರೆ ಅದರಲ್ಲೇ ಮೂರು ತಪ್ಪು. ಹರಿದು ಬುಟ್ಟಿಗೆ ಹಾಕಿದಳು. ಇನ್ನು ಕುದಿಸುವುದು ಬೇಡ, ನಲ್ಲಿಗಳನ್ನು ಐದೈದು ನಿಮಿಷ ಬಿಟ್ಟು ಪೈಪಿನಲ್ಲಿ ನಿಂತ ನೀರು ಹರಿಸಿ, ಹಳೆಯ ಐಸು ಚೆಲ್ಲಿ ಎಂದು ಕೊನೆಯ ನೋಟಿಸನ್ನು ಸಮಾಧಾನದಿಂದ, ಶುದ್ಧವಾಗಿ ಟೈಪು ಮಾಡಿದಳು.

ನಾಲ್ಕು ದಿನ ಕಳೆದರೂ ಬೀದಿಯಲ್ಲಿ ಎಲ್ಲರ ಮನೆಯ ಒಲೆಯ ಮೇಲೂ ನೀರು ಕುದಿಯುತ್ತಲೇ ಇತ್ತು. ಯಾಕಮ್ಮ, ನೋಟಿಸು ಓದಲಿಲ್ಲವಾ ಎಂದು ಆಕೆ ದರ್ಜಿ ಹೆಂಗಸನ್ನು ಕೇಳಿದಳು.

“ಓದಿದೆ ಅಕ್ಕಾ. ಅದರಲ್ಲಿ ತಿದ್ದೋಕೆ ಏನೂ ಇರ್ಲಿಲ್ಲ” ಎಂದಳು ಅವಳು, ಬಾಯಲ್ಲಿ ಸೂಜಿ ಕಚ್ಚಿಕೊಂಡೇ.

ಟೈಪಕ್ಕ ಅವಳ ಅಡುಗೆಮನೆಗೆ ನಡೆದು ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ನಲ್ಲಿ ಮೊದಲು ಕೆಂಪಗೆ ಉಗುಳಿತು, ಆಮೇಲೆ ನೀರು ನಿಧಾನವಾಗಿ ತಿಳಿಯಾಯಿತು. ಐದು ನಿಮಿಷ ಇಬ್ಬರೂ ಪಾತ್ರೆ ತೊಳೆಯುವ ಕಟ್ಟೆಗೆ ಒರಗಿ, ಯಾರದೋ ರವಿಕೆಯ ಅಳತೆ ತಪ್ಪಿದ ಕತೆ ಮಾತಾಡುತ್ತ ನಿಂತರು. ಆಮೇಲೆ ಒಂದೊಂದು ಲೋಟ ಹಿಡಿದು, ನಿಂತಲ್ಲೇ ಗಟಗಟ ಕುಡಿದರು.