ಕಣ್ಣು ತೆರೆದೇ ಮಲಗುವ ಮರಿ

ನನ್ನ ತಂಗಿಯ ಮಗಳು ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವಳದೆಂದು ಉಳಿದ ಜೀವ ಒಂದು ಮೊಲದ ಮರಿ. ಬ್ಯಾಡಗಿಯಿಂದ ರಾಣೆಬೆನ್ನೂರಿನ ಕಾಲೇಜಿಗೆ ದಿನಾ ರೈಲಿನಲ್ಲಿ ಹೋಗಿಬರುತ್ತಿದ್ದ ಹುಡುಗಿ ಅವಳು. ಐರಣಿ ಊರಿನ ಗೆಳತಿಯ ಮನೆಯಲ್ಲಿ ಮೊಲ ಮರಿ ಹಾಕಿತ್ತಂತೆ. ಅದರಲ್ಲೊಂದನ್ನು ಚಪ್ಪಲಿ ಡಬ್ಬಿಯಲ್ಲಿಟ್ಟು, ಮುಚ್ಚಳಕ್ಕೆ ಪೆನ್ನಿನಿಂದ ತೂತು ಮಾಡಿ, ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. ಬೂದು ಬಣ್ಣದ ಮರಿ, ಒಂದು ಕಿವಿ ಮಾತ್ರ ಬಿಳಿ. ಅದು ಬಂದು ತಿಂಗಳು ತುಂಬುವುದರೊಳಗೆ ಅವಳಿಗೆ ಜ್ವರ ಬಂತು. ಡೆಂಗಿ ಅಂದರು. ಹಾವೇರಿಗೆ ತಂದು ಒಂದು ಆಸ್ಪತ್ರೆಗೆ ಸೇರಿಸಿದರು. ಜ್ವರ ಇಳಿಯಿತು ಎಂದು ನಾವೆಲ್ಲ ನೆಮ್ಮದಿಯ ಉಸಿರು ಬಿಟ್ಟ ದಿನವೇ ಮಧ್ಯಾಹ್ನ ಅವಳು ಹೋಗಿಬಿಟ್ಟಳು.

ನಾನಿರುವುದು ಹಾವೇರಿಯಲ್ಲೇ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು ಹಾಕಿಕೊಂಡು ಓಣಿಯ ಹೆಂಗಸರ ಜಂಪರು ಹೊಲಿಯುತ್ತೇನೆ. ಅವತ್ತು ಗಂಜಿ ಮಾಡಿ ತರಲು ಮನೆಗೆ ಬಂದಿದ್ದೆ. ತಿರುಗಿ ಹೋದಾಗ ಮಂಚದ ಸುತ್ತ ಜನ ನೆರೆದಿದ್ದರು. ತಂಗಿ ಗೋಡೆಗೆ ಆತು ನಿಂತಿದ್ದಳು. ಏನಾಯಿತೆಂದು ಅವಳು ಹೇಳಲಿಲ್ಲ. ಕೇಳುವ ಹೊತ್ತೂ ಅದಾಗಿರಲಿಲ್ಲ.

ಕಾರ್ಯಗಳೆಲ್ಲ ಮುಗಿದು ನೆಂಟರು ಹೊರಟ ಮೇಲೂ ನಾನು ಬ್ಯಾಡಗಿಯಲ್ಲಿ ಉಳಿದೆ. ತಂಗಿಯ ಗಂಡ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ತೂಕದ ಕೆಲಸ ಮಾಡುವವನು. ಬೆಳಿಗ್ಗೆ ಹೋದರೆ ಸಂಜೆ ಬರುತ್ತಿದ್ದ. ಅಂಗಳದಲ್ಲಿ ನಿಂತು ಅಂಗಿ ಝಾಡಿಸಿದರೆ ಘಾಟು ಒಳಗಿನವರೆಗೆ ಬರುತ್ತಿತ್ತು. ಉಂಡು ಅಡ್ಡಾಗುತ್ತಿದ್ದ. ತಂಗಿ ಮಾತ್ರ ಮೊಲದ ಬುಟ್ಟಿಯ ಮುಂದೆ ಕುಳಿತವಳು ಏಳುತ್ತಲೇ ಇರಲಿಲ್ಲ.

ಒಂದು ದಿನ ಹೇಳಿದಳು: "ಇದು ನಿದ್ದಿನ ಮಾಡವಲ್ದು ಅಕ್ಕಾ. ಯಾವಾಗ ನೋಡಿದ್ರೂ ಕಣ್ಣ ತಗದ ಇರ್ತೈತಿ. ಆಕಿ ದಾರಿ ಕಾಯಾಕತ್ತೈತಿ."

ನಾನೂ ಕುಳಿತು ನೋಡಿದೆ. ಕಾಲುಗಳನ್ನು ಮೈಯಡಿ ಮಡಚಿಕೊಂಡು ಮುದ್ದೆಯಾಗಿ ಕುಳಿತಿತ್ತು. ಕಣ್ಣು ತೆರೆದೇ ಇತ್ತು. ಮೊಲದ ವಿಷಯ ನಮ್ಮಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಆ ಹುಡುಗಿಗೆ, ಅವಳು ಗೆಳತಿಯನ್ನು ಕೇಳಿ ಕೇಳಿ ಕಲಿತಿದ್ದಳು.

ಅದಾದ ಎರಡು ಮೂರು ದಿನಕ್ಕೆ, ನಡು ಮಧ್ಯಾಹ್ನ, ನಾನು ಅಕ್ಕಿ ಹಸನು ಮಾಡುತ್ತಿದ್ದೆ. ಮರಿ ಇದ್ದಕ್ಕಿದ್ದಂತೆ ಪಕ್ಕಕ್ಕೆ ಉರುಳಿ ಬಿತ್ತು. ಹಿಂಗಾಲು ಚಾಚಿತು. ಕಣ್ಣು ಅರ್ಧ ತೆರೆದು ಬೆಳ್ಳಗೆ ಕಾಣುತ್ತಿತ್ತು, ಸದಾ ಅಲುಗುವ ಮೂಗು ನಿಂತುಹೋಗಿತ್ತು. ಸತ್ತೇಹೋಯಿತು ಎಂದು ನನಗೂ ಅನ್ನಿಸಿತು. ತಂಗಿ ಅದನ್ನು ಎರಡೂ ಕೈಯಿಂದ ಬಾಚಿ ಎತ್ತಿ ಅಲ್ಲಾಡಿಸಿದಳು. ಮರಿ ಬೆಚ್ಚಿಬಿದ್ದು ಅವಳ ಮುಂಗೈ ಪರಚಿ ನೆಲಕ್ಕೆ ಹಾರಿತು. ಮೂಲೆಗೆ ಓಡಿ ಹಿಂಗಾಲಿನಿಂದ ನೆಲವನ್ನು ಧಪ್ ಧಪ್ ಎಂದು ಬಡಿಯಿತು. ಪರಚಿದ ಕಡೆ ರಕ್ತ ಬಂದದ್ದನ್ನೂ ನೋಡದೆ ತಂಗಿ ಅಲ್ಲೇ ಕುಸಿದು ಕುಳಿತಳು.

ಅಂದಿನಿಂದ ಅವಳು ಅದನ್ನು ಮಲಗಗೊಡಲಿಲ್ಲ. ಸ್ವಲ್ಪ ತಲೆ ತಗ್ಗಿಸಿದರೆ ಬುಟ್ಟಿ ತಟ್ಟುವಳು. ಮೂಗು ನಿಧಾನವಾದರೆ ಬೆನ್ನು ಮುಟ್ಟಿ ಎಬ್ಬಿಸುವಳು. ಬೇಡವೆಂದರೆ ನನ್ನ ಮುಖವನ್ನು ನೋಡುವಳು, ಕೈ ಮಾತ್ರ ಬುಟ್ಟಿಯ ಮೇಲೇ ಇರುವುದು. ಮರಿ ಮೊದಲು ಕೊತ್ತಂಬರಿ ಬಿಟ್ಟಿತು, ಆಮೇಲೆ ಹುಲ್ಲನ್ನೂ ಬಿಟ್ಟಿತು. ಹಿಕ್ಕೆ ಸಣ್ಣಗಾಗಿ ಸಾಸಿವೆಯಂತಾಯಿತು. ಬೆನ್ನಿನ ಮೂಳೆ ಕೈಗೆ ಹತ್ತುತ್ತಿತ್ತು.

ತಂಗಿ ಸ್ನಾನಕ್ಕೆ ಹೋದ ಹೊತ್ತು ನೋಡಿ ಅದನ್ನು ದನದ ಆಸ್ಪತ್ರೆಗೆ ಒಯ್ದೆ. ಅಲ್ಲಿದ್ದ ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, ಇದನ್ನು ಮಲಗಲು ಬಿಡುತ್ತೀರೋ ಇಲ್ಲವೋ ಎಂದು ಮೊದಲು ಕೇಳಿದರು. ನಾನು ನಡೆದದ್ದನ್ನು ಹೇಳಿದೆ. ಅವರು ಬಯ್ಯಲಿಲ್ಲ.

"ಇವು ಕಣ್ಣ ತಗದ ಮಲಗ್ತಾವ್ರಿ. ಕಣ್ಣ ನೋಡಬ್ಯಾಡ್ರಿ, ಮೂಗು ನೋಡ್ರಿ. ಮೂಗು ನಿಂತ್ರ ನಿದ್ದಿ ಹತ್ತೈತಿ ಅಂತ ತಿಳ್ಕೋರಿ," ಅಂದರು. ಇವು ನಸುಕಿನಲ್ಲಿ ಮತ್ತು ಹೊತ್ತು ಮುಳುಗುವಾಗ ಓಡಾಡುತ್ತವೆ, ಹಗಲೆಲ್ಲ ಚೂರು ಚೂರು ನಿದ್ದೆ ಮಾಡುತ್ತವೆ, ಮರಿಗಳಿಗೆ ಇನ್ನೂ ಹೆಚ್ಚು ನಿದ್ದೆ ಬೇಕು ಎಂದರು. ಅಡ್ಡ ಬಿದ್ದು ಕಾಲು ಚಾಚಿ ಮಲಗುವುದು ಈ ಜಾಗದಲ್ಲಿ ಭಯವಿಲ್ಲ ಎನ್ನಿಸಿದಾಗ ಮಾತ್ರವಂತೆ. ಅಂಥ ಹೊತ್ತಿನಲ್ಲಿ ಎಬ್ಬಿಸಿದರೆ ಮತ್ತೆ ಬೇಗನೆ ನಂಬುವುದಿಲ್ಲವಂತೆ.

ಮನೆಗೆ ಬಂದು ಎಲ್ಲವನ್ನೂ ತಂಗಿಗೆ ಹೇಳಿದೆ. ಅವಳು ಗಮನವಿಟ್ಟು ಕೇಳಿದಳು. ಆಮೇಲೆ ಮೆಲ್ಲಗೆ, "ಮೂಗು ನಿಂತ್ರ ನಿದ್ದಿ ಅಂತೀ. ಉಸುರು ನಿಂತ್ರೂ ಹಂಗ ಕಾಣ್ತೈತಲ್ಲ ಅಕ್ಕಾ? ಹೆಂಗ ಗೊತ್ತ ಹಿಡಿಯೂದು?" ಅಂದಳು.

ಡಾಕ್ಟರಮ್ಮ ಕೊಟ್ಟಿದ್ದ ಔಷಧದ ಬಾಟಲಿಯನ್ನು ನಾನು ಬುಟ್ಟಿಯ ಪಕ್ಕ ಇಟ್ಟೆ.

ಆ ಸಂಜೆ ಅವಳ ಗಂಡ ಬಂದಾಗಲೂ ಅವಳು ಬುಟ್ಟಿ ತಟ್ಟುತ್ತ ಕುಳಿತಿದ್ದಳು. ಅವನು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದ. ನಂತರ ನನಗೆ ಹೇಳುವವನಂತೆ ಅಂದ: "ಮಗಳನ್ನ ಕಾಯಾಕ ಆಗಲಿಲ್ಲ. ಈಗ ಮೊಲಾ ಕಾಯ್ಕೊಂತ ಕುಂತಾಳ ನೋಡ್ರಿ." ಜೋರಾಗಿ ಅನ್ನಲಿಲ್ಲ. ಜೋರಾಗಿ ಅಂದಿದ್ದರೆ ನಾನು ಜಗಳವಾದರೂ ಆಡುತ್ತಿದ್ದೆ. ತಂಗಿಯ ಕೈ ಬುಟ್ಟಿಯ ಮೇಲೆ ಹಾಗೇ ನಿಂತಿತು.

ಮರುದಿನ ಬೆಳಿಗ್ಗೆ, ಮರಿಯನ್ನು ಹಾವೇರಿಗೆ ಒಯ್ಯುತ್ತೇನೆ, ಇಲ್ಲವಾದರೆ ಅದು ಉಳಿಯುವುದಿಲ್ಲ ಎಂದೆ. ತಂಗಿ ಬುಟ್ಟಿಯ ಮೇಲಿಂದ ಕೈ ತೆಗೆದಳು. ರೈಲಿನಲ್ಲಿ ದಾರಿಯುದ್ದಕ್ಕೂ ಬುಟ್ಟಿಯ ಮೇಲೆ ಸೆರಗು ಹೊದಿಸಿ ಹಿಡಿದುಕೊಂಡಿದ್ದೆ.

ನಮ್ಮ ಮನೆಯಲ್ಲಿ ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಒಂದು ರಟ್ಟಿನ ಪೆಟ್ಟಿಗೆಯನ್ನು ಬೋರಲು ಹಾಕಿ, ಬಾಗಿಲು ಕೊರೆದು, ಒಳಗೆ ಹುಲ್ಲು ಹಾಸಿದೆ. ಮರಿ ಒಳಗೆ ಹೋಗಲಿಲ್ಲ. ಗೋಡೆಗೆ ಬೆನ್ನು ಹಚ್ಚಿ, ಕಿವಿ ನಿಮಿರಿಸಿ, ಕುಳಿತೇ ಇತ್ತು. ಮಷೀನು ತುಳಿದರೆ ನಡುಗುತ್ತಿತ್ತು. ಮಷೀನಿನ ಕೆಲಸವನ್ನು ಬಿಟ್ಟು ಕೆಲವು ದಿನ ಕೈಹೊಲಿಗೆಯನ್ನಷ್ಟೇ ಮಾಡಿದೆ. ಡಾಕ್ಟರಮ್ಮ ಕೊಟ್ಟ ಔಷಧವನ್ನು ಬಾಯಂಚಿಗೆ ಹನಿ ಹನಿಯಾಗಿ ಬಿಟ್ಟೆ. ಒಂದು ನಸುಕಿನಲ್ಲಿ ಎದ್ದು ನೋಡಿದರೆ ಗರಿಕೆ ಕಡಿಯುತ್ತಿತ್ತು. ಆ ಕರಕರ ಸದ್ದು ಕೇಳಿ ನನಗೆ ಅಳು ಬಂತು.

ನಿದ್ದೆ ಮಾತ್ರ ತಡವಾಗಿ ಬಂತು. ಮೊದಲು ಕುಳಿತಲ್ಲೇ ಕಿವಿಗಳನ್ನು ಬೆನ್ನಿಗೆ ಒರಗಿಸಿ ಮೂಗಿನ ಓಟವನ್ನು ನಿಧಾನ ಮಾಡುತ್ತಿತ್ತು, ಬೀದಿಯಲ್ಲಿ ಗಾಡಿ ಹೋದರೆ ಮತ್ತೆ ಚುರುಕಾಗುತ್ತಿತ್ತು. ಬರಬರುತ್ತ ಗದ್ದವನ್ನು ನೆಲಕ್ಕೆ ಹಚ್ಚತೊಡಗಿತು. ಹುಡುಗಿಯ ವರ್ಷಾಂತಿಕಕ್ಕೆ ಇನ್ನೂ ಬಹಳ ದಿನವಿದ್ದಾಗ, ಒಂದು ಮಧ್ಯಾಹ್ನ, ಮೇಜಿನ ಕೆಳಗೆ ಅಡ್ಡ ಬಿದ್ದು ಕಾಲು ಚಾಚಿತು. ಮುಂಗಾಲಿನ ತುದಿ ಸಣ್ಣಗೆ ಅದುರುತ್ತಿತ್ತು. ಕನಸು ಬಿದ್ದಿರಬೇಕು.

ನಾನು ಫೋನು ಮಾಡಿ ಹೇಳಿದ್ದಕ್ಕೋ ಏನೋ, ಮುಂದಿನ ವಾರ ತಂಗಿ ಬಂದಳು. ಸೊರಗಿದ್ದಳು, ಕಣ್ಣ ಸುತ್ತ ಕಪ್ಪಾಗಿತ್ತು. ಚಹಾ ಕುಡಿಯದೆ ನೇರ ಮೇಜಿನ ಹತ್ತಿರ ಕುಳಿತಳು. ಮರಿ ಅವಳನ್ನು ಕಂಡು ಪೆಟ್ಟಿಗೆಯೊಳಗೆ ಹೊಕ್ಕಿತು. ಊಟದ ಹೊತ್ತು ಕಳೆದು, ಬಿಸಿಲು ಹೊಸ್ತಿಲು ದಾಟಿದ ಮೇಲೆ ಹೊರಬಂದು ಮುದ್ದೆಯಾಯಿತು, ಆಮೇಲೆ ಪಕ್ಕಕ್ಕೆ ಉರುಳಿತು. ಮೂಗು ನಿಂತಿತು. ತಂಗಿಯ ಕೈ ಮುಂದೆ ಹೋಯಿತು. ನಾನು ತಡೆಯಲಿಲ್ಲ. ಅರ್ಧ ದಾರಿಯಲ್ಲಿ ಅವಳೇ ಕೈಯನ್ನು ಹಿಂದೆಳೆದು ತೊಡೆಯಡಿ ಇಟ್ಟುಕೊಂಡಳು. ಮರಿಯ ಹೊಟ್ಟೆ ಏರಿಳಿಯುವುದನ್ನು ನೋಡುತ್ತಲೇ ಮಾತಾಡಿದಳು.

"ಅವತ್ತ ಆಕಿ ನಿದ್ದಿ ಬರ್ತೈತಿ ಅವ್ವಾ ಅಂದ್ಲು. ಮೈ ತಣ್ಣಗಾಗಿತ್ತು, ಜ್ವರಾ ಬಿಡ್ತು ಅಂತ ಮಲಗಿಸಿದೆ. ನರ್ಸಬಾಯಿ ಬಿಪಿ ನೋಡ್ತೇನಿ ಅಂತ ಬಂದ್ರು. ಈಗರ ಕಣ್ಣ ಹತ್ಯಾವು, ಎಬ್ಬಸಬ್ಯಾಡ್ರಿ, ಆಮ್ಯಾಲೆ ಬರ್ರಿ ಅಂತ ನಾನ ಕಳಿಸಿದೆ ಅಕ್ಕಾ."

ಡೆಂಗಿಯಲ್ಲಿ ಜ್ವರ ಬಿಟ್ಟ ಮೇಲೆಯೇ ಬಿಪಿ ಕುಸಿಯುವುದುಂಟೆಂದು ನಿನಗೇನು ಗೊತ್ತಿತ್ತು ಎಂದೆ. ಯಾರಿಗೂ ಗೊತ್ತಾಗುವಂಥದ್ದಲ್ಲ ಎಂದೆ. ಅವಳು ತಲೆ ಅಲ್ಲಾಡಿಸಿದಳು. ಒಪ್ಪಿದ್ದೋ ಅಲ್ಲವೆಂದದ್ದೋ ತಿಳಿಯಲಿಲ್ಲ. ಮರಿ ತಾನಾಗಿ ಎದ್ದು, ಮೈಮುರಿದು, ಮುಂಗಾಲಿನಿಂದ ಮುಖ ಒರೆಸಿಕೊಳ್ಳುವವರೆಗೂ ಅವಳು ಅಲ್ಲಿಂದ ಅಲುಗಲಿಲ್ಲ. ಹೊರಡುವಾಗ ಮರಿಯನ್ನು ಕೊಡೆಂದು ಕೇಳಲಿಲ್ಲ. ಇಲ್ಲೇ ಇರಲಿ ಎಂದಷ್ಟೇ ಅಂದಳು.

ನರ್ಸಬಾಯಿಯನ್ನು ತಿರುಗಿ ಕಳಿಸಿದ ಮಾತನ್ನು ಅವಳು ದೀಪಾವಳಿ ಕಳೆದ ಮೇಲೆ ಗಂಡನಿಗೂ ಹೇಳಿದಳಂತೆ. ಅವನು ಕೇಳಿ, ಅಂಗಿ ತೊಟ್ಟುಕೊಂಡು ಅಂಗಡಿಗೆ ಹೋದನಂತೆ. ಮೊದಲಿನಂತೆ ಚುಚ್ಚುವುದನ್ನು ಬಿಟ್ಟಿದ್ದಾನೆ. ಅದರ ಜೊತೆ ಬೇರೆ ಮಾತುಗಳೂ ನಿಂತಿವೆ. ಒಂದೇ ಮನೆಯಲ್ಲಿ ಇದ್ದಾರೆ. ಅವಳು ಬಡಿಸುತ್ತಾಳೆ, ಅವನು ಉಣ್ಣುತ್ತಾನೆ.

ಅವಳಿಗೆ ಅಲ್ಲಿ ನಿದ್ದೆ ಹತ್ತುವುದಿಲ್ಲ. ಅಂಗಡಿಗೆ ರಜೆ ಇದ್ದು ಅವನು ಮನೆಯಲ್ಲಿರುವ ದಿನ ಹಾವೇರಿಗೆ ಬರುತ್ತಾಳೆ. ಮೊಲ ಈಗ ದೊಡ್ಡದಾಗಿದೆ, ಅವಳು ಅದನ್ನು ಮುಟ್ಟುವುದಿಲ್ಲ. ಊಟವಾದ ಮೇಲೆ ಚಾಪೆ ಹಾಸಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾಳೆ. ಮಲಗುವ ಮುಂಚೆ ಪ್ರತಿ ಸಲವೂ, ಎಬ್ಬಿಸುವುದನ್ನು ಮರೆಯಬೇಡ ಅನ್ನುತ್ತಾಳೆ. ಮರೆಯುವುದಿಲ್ಲ ಎಂದು ನಾನು ಬಾಯಿಬಿಟ್ಟು ಹೇಳಿದ ಮೇಲೆಯೇ ಕಣ್ಣು ಮುಚ್ಚುತ್ತಾಳೆ.