ನೀಲವ್ವನಿಗೆಂದು ಇಟ್ಟ ಕುರ್ಚಿ

ಸತ್ತವರು ಬಂದು ಮಾತಾಡುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ಒಳಗೊಳಗೇ ನಗುತ್ತಿದ್ದೆ. ಎದುರಿಗೆ ನಗುವಂತಿರಲಿಲ್ಲ. ಅಪಘಾತ, ಸಾವು ಕಂಡು ಕುಗ್ಗಿಹೋದವರ ಜೊತೆ, ಅವರ ಮನೆಯವರ ಜೊತೆ ಕೂತು ಧೈರ್ಯ ತುಂಬುವ ಸಮಾಜಸೇವಕಿ ನಾನು. ಧಾರಾವಿಯ ಒಂದು ಚಾಳಿನಲ್ಲಿ ನಮ್ಮ ಸಂಸ್ಥೆಯ ಕೋಣೆಯಿದೆ. ಮೈಮೇಲೆ ಬರಿಸುವವರ ಹತ್ತಿರ ಹೋಗಬೇಡಿ ಎಂದು ಅಲ್ಲಿ ಕೂತು ಎಷ್ಟೋ ಮಂದಿಗೆ ಬುದ್ಧಿ ಹೇಳಿದ್ದೇನೆ.

ಹಾಗೆ ನೋಡಿದರೆ ನಮ್ಮ ಪದ್ಧತಿಯೂ ಏನು ಕಡಿಮೆಯಲ್ಲ. ಒಂದು ಖಾಲಿ ಕುರ್ಚಿ ಇಡುತ್ತೇವೆ. ತೀರಿಕೊಂಡವರು ಅದರಲ್ಲಿ ಕೂತಿದ್ದಾರೆಂದು ಭಾವಿಸಿ, ಹೇಳದೆ ಉಳಿದದ್ದನ್ನು ಹೇಳಬೇಕು. ಆಮೇಲೆ ತಾವೇ ಆ ಕುರ್ಚಿಯಲ್ಲಿ ಕೂತು ಅವರ ಪರವಾಗಿ ಉತ್ತರ ಕೊಡಬೇಕು.

ನೀಲವ್ವ ವಿಜಯಪುರದ ಕಡೆಯವಳು. ಅವಳ ಗಂಡ ಭಾಂಡುಪಿನಲ್ಲಿ ಏಳುತ್ತಿದ್ದ ಬಿಲ್ಡಿಂಗಿನಿಂದ ಬಿದ್ದು ತೀರಿಕೊಂಡಿದ್ದ. ಆ ಬೆಳಿಗ್ಗೆ ಜಗಳವಾಗಿ, ಊಟ ಬಿಟ್ಟು ಕೆಲಸಕ್ಕೆ ಹೋಗಿದ್ದನಂತೆ. ಅಂದಿನಿಂದ ಅವಳ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅವಳ ಎದುರು ಕುರ್ಚಿ ಇಟ್ಟೆ. ಅದರ ಕಡೆ ತಿರುಗಿ, "ಉಣ್ಣದ ಹೋದ್ರಿ. ನನ್ನ ಮ್ಯಾಲಿನ ಸಿಟ್ಟು ಇಳೀತೇನ್ರಿ?" ಎಂದಳು. ನಾನು ಹೇಳಿದಂತೆ ಎದ್ದು ಹೋಗಿ ಆ ಕುರ್ಚಿಯಲ್ಲಿ ಕೂತಳು. ಮಂಪರು ಹತ್ತಿದವಳಂತೆ ತಲೆಯೆತ್ತಿ, ನನ್ನನ್ನೇ ನೋಡುತ್ತಾ, ಒಂದು ಹೆಸರು ಹಿಡಿದು ಕರೆದು, "ಒಣಸ್ ಆಂಡಾ?" ಎಂದಳು.

ಊಟ ಆಯಿತಾ ಎಂದು ನನ್ನ ಮನೆಮಾತು ತುಳುವಿನಲ್ಲಿ ಕೇಳಿದ್ದು. ಅವಳು ಪಾತ್ರೆ ತೊಳೆಯುವ ಉಡುಪಿ ಹೋಟೆಲಿನಲ್ಲಿ ಅಷ್ಟು ತುಳು ಕಿವಿಗೆ ಬಿದ್ದಿರಬಹುದು, ಒಪ್ಪುತ್ತೇನೆ. ಆದರೆ ಆ ಹೆಸರು? ಅದನ್ನು ಇಲ್ಲಿ ಬರೆಯಲಾರೆ. ನನ್ನ ಅಮ್ಮ ಒಬ್ಬಳೇ ಹಾಗೆ ಕರೆಯುತ್ತಿದ್ದಳು, ಅದೂ ಮನೆಯೊಳಗೆ. ಕಾಯಿಲೆಯ ನೋವಿನಲ್ಲಿ ನರಳಿ ಅಮ್ಮ ಹೋಗಿ ಆಗ ವರ್ಷವಾಗಿತ್ತು.

ನೀಲವ್ವನನ್ನು ಮೆಲ್ಲಗೆ ಎಚ್ಚರಿಸುವುದು ನನ್ನ ಕೆಲಸವಾಗಿತ್ತು. ನಾನು ನೆಲದ ಮೇಲೆ ಕೂತು, ಅವಳ ಕೈ ಹಿಡಿದು, ನೋವು ಕಡಿಮೆಯಾಯಿತಾ ಅಮ್ಮ, ಇನ್ನೊಂದು ಮಾತಾಡು ಎಂದು ತುಳುವಿನಲ್ಲಿ ಬೇಡಿಕೊಂಡೆ. ನೀಲವ್ವ ನಿದ್ದೆಯಿಂದ ಎದ್ದವಳಂತೆ ಕಣ್ಣುಜ್ಜಿಕೊಂಡು ಕೇಳಿದಳು: "ನಮ್ಮ ಮನಿಯವ್ರು ಏನಂದ್ರು ಅಕ್ಕಾರ? ಸಿಟ್ಟು ಇಳದೈತಂತೇನ್ರಿ?"

ಅವಳ ಎಲೆಗೆ ಬಡಿಸಿದ್ದನ್ನು ನಾನು ತಿಂದುಬಿಟ್ಟೆ ಎನಿಸಿತು. ಮುಂದಿನ ವಾರ ನೋಡೋಣ ಎಂದುಬಿಟ್ಟೆ.

ಇಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಮುಂದಿನ ವಾರ ಅವಳಿಗಿಂತ ಮುಂಚೆಯೇ ಹೋಗಿ, ಕುರ್ಚಿಯನ್ನು ನನ್ನೆದುರಿಗೆ ಎಳೆದುಕೊಂಡು, ಅಂದು ಅಮ್ಮ ಕೇಳಿದ್ದಕ್ಕೆ, ಊಟ ಆಯಿತಮ್ಮ ಎಂದೆ. ಮತ್ತೆ ಮತ್ತೆ ಎಂದೆ. ತಿರುಗಿದರೆ ಹೊಸ್ತಿಲಲ್ಲಿ ನೀಲವ್ವ. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ನಾಚಿಕೆಯಿಂದ ಹಿಡಿಯಷ್ಟಾದೆ.

"ನಿಮ್ಮ ಮಾತ ಮುಗಸ್ರಿ ಅಕ್ಕಾರ. ನಾ ಹೊರಗ ಕುಂದರತೀನಿ," ಎಂದು ಬಾಗಿಲು ಎಳೆದುಕೊಂಡಳು.

ಈಗಲೂ ಸಯನ್ ಸ್ಟೇಷನ್ನಿನಲ್ಲಿ ಅವಳು ಒಮ್ಮೊಮ್ಮೆ ಸಿಗುತ್ತಾಳೆ. ಆ ಹೆಸರು ಅವಳ ಬಾಯಿಗೆ ಹೇಗೆ ಬಂತೆಂದು ನನಗೆ ಇಂದಿಗೂ ತಿಳಿದಿಲ್ಲ. ಕೇಳೋಣವೆಂದರೆ ಮುಖವಿಲ್ಲ. ಗಂಡನ ಸಿಟ್ಟು ಇಳಿಯಿತಾ ಎಂದು ಅವಳು ಕೇಳಿದ್ದಕ್ಕೆ ನಾನಿನ್ನೂ ಉತ್ತರ ಕೊಟ್ಟಿಲ್ಲ.